ಪಿನ್ನು ಹೊಂದಿದ ಮಾತ್ರಕ್ಕೆ ಸಾಲದು

ಪರದೇಶದಿಂದ ಬಂದ ಅಡಿಗೆಯ ಯಂತ್ರಗಳು ಪುಣೆಯ ಕನ್ನಡಿಗರ ಮನೆಗಳಲ್ಲಿಯೂ ಹೋಟೆಲುಗಳಲ್ಲಿಯೂ ಈಚೆಗೆ ಹೆಚ್ಚಾಗಿ ಕಾಣಬರುತ್ತಿವೆ. ಹಿಂಜವಡಿಯ ಕಂಪನಿಯ ಕೆಲಸದ ಮೇಲೆ ಎರಡು ವರ್ಷ ಅಮೆರಿಕಕ್ಕೆ ಹೋದ ಹುಡುಗನು ಹಿಂದಿರುಗುವಾಗ ತಾಯಿಗೊಂದು ಮಿಕ್ಸರು, ತಂದೆಗೊಂದು ಕಾಫಿಯ ಯಂತ್ರ ತರುತ್ತಾನೆ. ಅದು ಪ್ರೀತಿಯ ಕಾಣಿಕೆ, ಬೇಡವೆನ್ನುವವರು ನಾವಲ್ಲ. ಆದರೆ ಅದಕ್ಕೊಂದು ಅಗ್ಗದ ಅಡಾಪ್ಟರು ಸಿಕ್ಕಿಸಿ, ಗೋಡೆಯ ಪ್ಲಗ್ಗಿಗೆ ಚುಚ್ಚಿ, ಗುಂಡಿ ಒತ್ತುವವರು ನಮ್ಮಲ್ಲಿ ಅನೇಕರಿದ್ದಾರೆ. ಪಿನ್ನು ಹೊಂದಿತು, ಇನ್ನೇನು ಭಯ ಎಂಬುದು ಅವರ ಎಣಿಕೆ.

ಅಡಾಪ್ಟರು ಬದಲಾಯಿಸುವುದು ಪಿನ್ನಿನ ಆಕಾರವನ್ನು ಮಾತ್ರ. ಒಳಗೆ ಹರಿಯುವ ವಿದ್ಯುತ್ತನ್ನಲ್ಲ. ನಮ್ಮ ದೇಶದ ಮನೆಗಳಿಗೆ ಬರುವುದು 230 ವೋಲ್ಟು, ಸೆಕೆಂಡಿಗೆ 50 ಆವರ್ತನ. ಅಮೆರಿಕದಲ್ಲಿ 120 ವೋಲ್ಟು, 60 ಆವರ್ತನ. ಜಪಾನಿನಲ್ಲಿ 100 ವೋಲ್ಟು ಮಾತ್ರ. ಇಂಗ್ಲೆಂಡು, ದುಬಾಯಿಗಳಿಂದ ಬಂದ ಯಂತ್ರಕ್ಕೆ ಸಾಮಾನ್ಯವಾಗಿ ಪಿನ್ನಿನದೊಂದೇ ತೊಡಕು, ಏಕೆಂದರೆ ಅಲ್ಲಿಯ ವೋಲ್ಟು ನಮ್ಮದಕ್ಕೆ ಸಮೀಪದ್ದು. ಸೌದಿ ಅರೇಬಿಯದಿಂದ ಬಂದುದಾದರೆ ಮಾತ್ರ ನೋಡದೆ ಮುಟ್ಟಬಾರದು. ಅಲ್ಲಿ 60 ಆವರ್ತನ, ಹಿಂದೆ ಅನೇಕ ಮನೆಗಳಿಗೆ ಬರುತ್ತಿದ್ದುದು 127 ವೋಲ್ಟು.

ವೋಲ್ಟು ಎರಡು ಪಾಲಾದರೆ ಶಾಖವೂ ಎರಡು ಪಾಲಾದೀತೆಂದು ತಿಳಿಯಬಾರದು. ಅದು ನಾಲ್ಕು ಪಾಲಾಗುತ್ತದೆ. ಅಮೆರಿಕದ 900 ವಾಟಿನ ಕಾಫಿ ಯಂತ್ರವನ್ನು ನಮ್ಮ 230 ವೋಲ್ಟಿಗೆ ಕೊಟ್ಟರೆ ಅದು ಆ ಕ್ಷಣದಲ್ಲಿ ಎಳೆಯುವುದು 3300 ವಾಟು. ಏಳೂವರೆ ಆಂಪಿಯರಿಗೆಂದು ಮಾಡಿದ ತಂತಿಯಲ್ಲಿ ಹದಿನಾಲ್ಕಕ್ಕೂ ಮಿಕ್ಕಿ ಹರಿಯುತ್ತದೆ. ಒಳಗಿನ ಸುರುಳಿ ಸುಟ್ಟು ಕಡಿದುಹೋದರೆ ಅದನ್ನು ಅದೃಷ್ಟವೆನ್ನಬೇಕು. ಕಡಿಯದೆ ಉಳಿದರೆ ಬೆಂಕಿ. ಮಿಕ್ಸರಿನ ಗತಿಯೂ ಅಷ್ಟೆ: ಹುಚ್ಚು ವೇಗದಿಂದ ತಿರುಗಿ, ಹೊಗೆಯಾಡಿ, ಕಮಟು ವಾಸನೆಯೊಂದಿಗೆ ನಿಲ್ಲುತ್ತದೆ.

ಈ ಮಾತನ್ನು ನಾವು ಎತ್ತಿಕೊಂಡುದು ಯಂತ್ರಗಳ ಮೇಲಿನ ಮರುಕದಿಂದಲ್ಲ. ಈ ಊರಿನ ಒಂದು ಹೋಟೆಲಿನಲ್ಲಿ, ಹೆಸರು ಬೇಡ, ಮಾಲಿಕರ ಮನೆಯಿಂದ ಬಂದ ಅಮೆರಿಕದ ಮಿಕ್ಸರನ್ನು ಚಟ್ನಿಗೆಂದು ಅಡಿಗೆಮನೆಯಲ್ಲಿಟ್ಟರು. ಕುಂದಾಪುರದ ಕಡೆಯ ಹುಡುಗನೊಬ್ಬನು, ಹೇಳಿದಂತೆ, ಗುಂಡಿ ಒತ್ತಿದನು. ಒಂದು ನಿಮಿಷದೊಳಗೆ ಯಂತ್ರ ಸುಟ್ಟಿತು. ತಿಂಗಳ ಕೊನೆಯಲ್ಲಿ ಅದರ ಬೆಲೆಯ ಮೊದಲ ಕಂತು ಅವನ ಸಂಬಳದಲ್ಲಿ ಕಡಿತವಾಯಿತು. ಯಂತ್ರ ತಂದವನು ಬೇರೆ, ಇಟ್ಟವನು ಬೇರೆ, ದಂಡ ತೆತ್ತವನು ಇವನು! ನಾವೂ ಹೋಟೆಲು ನಡೆಸಿದವರೇ. ಗಾಜಿನ ಲೋಟ ಒಡೆದರೆ ಹುಡುಗನ ಲೆಕ್ಕಕ್ಕೆ ಬರೆಯುವ ಚಾಳಿ ನಮ್ಮ ವೃತ್ತಿಯಲ್ಲಿ ಹಳೆಯದೆಂದು ಬಲ್ಲೆವು. ಹಳೆಯದೆಂಬ ಕಾರಣಕ್ಕೆ ಅದು ನ್ಯಾಯವಾಗಲಾರದು.

ಕಾಯಿದೆಯೂ ಇದಕ್ಕೆ ಒಪ್ಪುವುದಿಲ್ಲ. 1936ರ ವೇತನ ಪಾವತಿ ಕಾಯಿದೆಯಲ್ಲಿಯೂ, ಅದರ ಸ್ಥಾನಕ್ಕೆಂದು ರಚಿತವಾದ 2019ರ ವೇತನ ಸಂಹಿತೆಯಲ್ಲಿಯೂ ಈ ವಿಷಯ ಸ್ಪಷ್ಟವಾಗಿದೆ. ವಸ್ತುವನ್ನು ಕೆಲಸಗಾರನ ವಶಕ್ಕೆ ಒಪ್ಪಿಸಿರಬೇಕು. ನಷ್ಟವು ಅವನ ಅಲಕ್ಷ್ಯದಿಂದಲೇ ಆಗಿರಬೇಕು. ಕಡಿತಕ್ಕೆ ಮೊದಲು ಅವನ ಸಮಜಾಯಿಷಿಯನ್ನು ಕೇಳಬೇಕು. ನಷ್ಟಕ್ಕಿಂತ ಒಂದು ಕಾಸೂ ಹೆಚ್ಚು ಕಡಿಯಬಾರದು. 120 ವೋಲ್ಟಿನ ಯಂತ್ರವನ್ನು 230 ವೋಲ್ಟಿನ ಪ್ಲಗ್ಗಿನ ಪಕ್ಕದಲ್ಲಿಟ್ಟು, ನಡೆಸು ಎಂದು ಹೇಳಿದ ಮೇಲೆ ಅಲಕ್ಷ್ಯ ಯಾರದು?

ಅಂಥ ಯಂತ್ರವನ್ನು ಉಪಯೋಗಿಸಲೇಬೇಕೆಂದಿದ್ದರೆ ಉಪಾಯವಿದೆ. ವೋಲ್ಟು ಇಳಿಸುವ ಟ್ರಾನ್ಸ್‌ಫಾರ್ಮರು ಬುಧವಾರ ಪೇಟೆಯ ತಾಪ್‌ಕೀರ್ ಗಲ್ಲಿಯಲ್ಲಿ ವಿಚಾರಿಸಿದರೆ ದೊರೆಯುತ್ತದೆ. ಅದು ಯಂತ್ರದ ವಾಟಿಗಿಂತ ದೊಡ್ಡದಿರಬೇಕು. 1000 ವಾಟಿನ ಮಿಕ್ಸರಿಗೆ 1500ಕ್ಕೆ ಕಡಿಮೆಯದು ಬೇಡ, ಏಕೆಂದರೆ ಮೋಟಾರು ಹೊರಡುವಾಗ ಹೆಚ್ಚು ಎಳೆಯುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಹಗುರವಾದ ಕನ್ವರ್ಟರುಗಳನ್ನು ಪ್ರವಾಸಿಗಳಿಗೆ ಮಾರುತ್ತಾರೆ. ಅವು ಕಾಯಿಸುವ ಸಾಮಾನಿಗೆ ಸ್ವಲ್ಪ ಹೊತ್ತಿಗೆ ಸರಿ, ಮೋಟಾರಿಗಾಗಲಿ ಎಲೆಕ್ಟ್ರಾನಿಕ್ ಯಂತ್ರಕ್ಕಾಗಲಿ ಅಲ್ಲ. ಒಳ್ಳೆಯ ಟ್ರಾನ್ಸ್‌ಫಾರ್ಮರು ಕೈಗೆ ಭಾರವಾಗಿಯೇ ಇರುತ್ತದೆ.

ಟ್ರಾನ್ಸ್‌ಫಾರ್ಮರು ಸಹ ಆವರ್ತನವನ್ನು ಬದಲಿಸಲಾರದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು ಸೆಕೆಂಡಿಗೆ 25 ಆವರ್ತನದ್ದು. ಇಂದಿನ 50 ಆವರ್ತನದ ಮೋಟಾರನ್ನು ಅದಕ್ಕೆ ಕೂಡಿಸಿದ್ದರೆ ಕೆಟ್ಟೇ ಹೋಗುತ್ತಿತ್ತು. ಹಾಗೆಯೇ 60ಕ್ಕೆಂದು ಮಾಡಿದ ಮೈಕ್ರೋವೇವ್ ಒಲೆ 50ರಲ್ಲಿ ಅತಿಯಾಗಿ ಕಾಯುತ್ತದೆ. ಆವರ್ತನವನ್ನು ಎಣಿಸಿ ನಡೆಯುವ ಗಡಿಯಾರ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ನಮ್ಮ ಮುಂಬಯಿ–ಪುಣೆ ರೈಲುಮಾರ್ಗದಲ್ಲಿ ಸುಮಾರು 1930ರಿಂದ ದಶಕಗಳ ಕಾಲ 1500 ವೋಲ್ಟಿನ ನೇರ ವಿದ್ಯುತ್ತು ಇದ್ದಿತು. ಬೇರೆಡೆ 25,000 ವೋಲ್ಟಿನ ಪರ್ಯಾಯ ವಿದ್ಯುತ್ತು ಬಂದಾಗ ಎರಡರಲ್ಲಿಯೂ ಓಡಬಲ್ಲ ಎಂಜಿನುಗಳನ್ನೇ ಬೇರೆಯಾಗಿ ಕಟ್ಟಬೇಕಾಯಿತು. ರೈಲ್ವೆಗೇ ಅಡಾಪ್ಟರು ಸಾಲದಾದಾಗ ನಮಗೆ ಸಾಕಾದೀತೆ?

ಇಲ್ಲಿಂದ ಹೊರಡುವವರಿಗೂ ಒಂದು ಮಾತು. ಮಗಳು ನ್ಯೂಜೆರ್ಸಿಗೆ ಹೊರಟಳೆಂದು ದೋಸೆಯ ಹಿಟ್ಟಿಗೆ ನಮ್ಮ ಗ್ರೈಂಡರನ್ನೇ ಕಟ್ಟಿ ಕಳುಹಿಸುವ ಗುಮಾಸ್ತ ಬಂಧುಗಳಿದ್ದಾರೆ. ಅಲ್ಲಿ ಅರ್ಧ ವೋಲ್ಟಿನಲ್ಲಿ ಅದರ ತಿರುಗುವ ಬಲ ಕಾಲುಪಾಲಿಗೆ ಇಳಿಯುತ್ತದೆ. ಉದ್ದಿನಲ್ಲಿ ಕಲ್ಲು ಸಿಕ್ಕಿ ನಿಂತರೆ ಮೋಟಾರು ಗುಂಯ್ಗುಟ್ಟಿ ಸುಡುತ್ತದೆ. ಕಡಿಮೆ ವೋಲ್ಟು ನಿರಪಾಯವೆಂಬುದು ಭ್ರಮೆ. ಕೊಯಮತ್ತೂರಿನಲ್ಲಿ ಪಿ. ಸಭಾಪತಿಯವರು 1955ರಲ್ಲಿ ವಿದ್ಯುತ್ ಗ್ರೈಂಡರನ್ನು ಮಾಡಿದ ಮೇಲೆ ಆ ಊರು ಅದಕ್ಕೇ ಹೆಸರಾಯಿತು; ಈಗ ಆ ದೇಶಕ್ಕೆಂದೇ 110 ವೋಲ್ಟಿನ ಗ್ರೈಂಡರು, ಮಿಕ್ಸಿಗಳನ್ನು ನಮ್ಮ ದೇಶದ ಕಂಪನಿಗಳೇ ಮಾಡುತ್ತವೆ. ಅದನ್ನು ಕೇಳಿ ಕೊಳ್ಳಬೇಕು.

ಹೋಟೆಲಿನ ಅಡಿಗೆಮನೆಯ ನೆಲ ಸದಾ ಒದ್ದೆ, ಹುಡುಗರ ಕಾಲು ಬರಿದು. ಭೂಮಿಯ ತಂತಿಯನ್ನು ಬಿಟ್ಟು ಎರಡೇ ಪಿನ್ನು ಕೂಡಿಸುವ ಅಡಾಪ್ಟರು ಅಂಥಲ್ಲಿ ಯಮಪಾಶಕ್ಕೆ ಸಮಾನ. 30 ಮಿಲಿಆಂಪಿಯರಿನ ಸೋರಿಕೆಗೆ ತಾನಾಗಿ ಕಡಿಯುವ ಸ್ವಿಚ್ಚು ಇಲ್ಲದ ಅಡಿಗೆಮನೆಯಲ್ಲಿ ಪರದೇಶದ ಯಂತ್ರದ ಮಾತೇ ಬೇಡ. ಮೊದಲು ಆ ಸ್ವಿಚ್ಚು ಬರಲಿ.

ಯಂತ್ರದ ಬೆನ್ನಿಗೊಂದು ಫಲಕವಿರುತ್ತದೆ. ‘ಇನ್‌ಪುಟ್ 100–240 ವೋಲ್ಟು, 50/60 ಹರ್ಟ್ಸ್’ ಎಂದಿದ್ದರೆ ಪಿನ್ನು ಬದಲಿಸಿ ನಡೆಸಬಹುದು. ಬರೇ 120 ಎಂದಿದ್ದರೆ ಕೂಡದು. ಫಲಕ ಇಂಗ್ಲಿಷಿನಲ್ಲಿ, ಗುಂಡಿ ಒತ್ತುವವನಿಗೆ ಅನೇಕ ವೇಳೆ ಇಂಗ್ಲಿಷು ಬಾರದು. ಗಲ್ಲೆಯ ಮೇಲೆ ಕೂಡುವ ಗುಮಾಸ್ತರು ಅದನ್ನು ಓದಿ, ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆದು, ಯಂತ್ರದ ಮೇಲೆಯೇ ಅಂಟಿಸಲಿ. ಹಾಗೆ ಅಂಟಿಸದ ಯಂತ್ರವನ್ನು ನಡೆಸಲಾರೆನೆಂದು ಹುಡುಗನು ಹೇಳಿದರೆ ಮಾಲಿಕರು ಅದನ್ನು ಉದ್ಧಟತನವೆಂದು ಎಣಿಸಬಾರದು. ಮೇಲೆ ಹೇಳಿದ ಹುಡುಗನಿಂದ ಕಡಿದ ಹಣವನ್ನೂ ಬರುವ ಸಂಬಳದೊಳಗೆ ಹಿಂದಕ್ಕೆ ಕೊಡಬೇಕು.