ಚಿಪ್‌ನ ಮಿತಿ ಅರಿತವರೇ ಒಳ್ಳೆಯ ಪ್ರೋಗ್ರಾಮರ್



ಪೆನ್ ಡ್ರೈವ್, ಮೆಮೊರಿ ಕಾರ್ಡ್, ಮೊಬೈಲ್ ಫೋನ್ ಇವುಗಳಲ್ಲಿ ಮಾಹಿತಿ ಉಳಿಯುವುದು ಫ್ಲ್ಯಾಶ್ ಮೆಮೊರಿ ಎಂಬ ಚಿಪ್‌ನಲ್ಲಿ. "ವಿದ್ಯುತ್ ಹೋದರೂ ಮಾಹಿತಿ ಅಳಿಯದ ಮೆಮೊರಿ" ಅಂತ ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಆದರೆ ಅದು ಅರ್ಧ ಉತ್ತರ. ಫ್ಲ್ಯಾಶ್ ಮೆಮೊರಿ ಸೈಕಲ್ ಟೈರಿನ ಹಾಗೆ ಸವೆಯುತ್ತದೆ. ಅದು ವರ್ಷಗಟ್ಟಲೆ ಬಾಳುವಂತೆ ಕಾಯುವುದು ಡ್ರೈವರ್ ಎಂಬ ಸಾಫ್ಟ್‌ವೇರ್. ಉಳಿದ ಅರ್ಧ ಉತ್ತರ ಅಲ್ಲಿದೆ. ಅದನ್ನು ನೀವು ಕಲಿಯಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಚಿಪ್‌ನ ಸ್ವಭಾವ ನೋಡೋಣ. 1980ರ ದಶಕದಲ್ಲಿ ಜಪಾನಿನ ತೋಷಿಬಾ ಕಂಪನಿಯಲ್ಲಿ ಫುಜಿಯೊ ಮಸುವೊಕಾ ಅವರು ಫ್ಲ್ಯಾಶ್ ಮೆಮೊರಿಯನ್ನು ರೂಪಿಸಿದರು. ಇದರಲ್ಲಿ ಎಲೆಕ್ಟ್ರಾನ್‌ಗಳನ್ನು ತೆಳುವಾದ ನಿರೋಧಕ ಪದರದ ಆಚೆ ಕೂಡಿಹಾಕಿ ಮಾಹಿತಿ ಉಳಿಸುತ್ತಾರೆ. ಸ್ಲೇಟಿನ ಮೇಲೆ ಒಂದಕ್ಷರ ತಪ್ಪಾದರೆ ಬೆರಳಲ್ಲಿ ಅದಷ್ಟನ್ನೇ ಒರೆಸಬಹುದು, ಅಲ್ವಾ? ಇಲ್ಲಿ ಹಾಗಾಗದು. ಒಂದು ಬಗೆಯ ನ್ಯಾಂಡ್ ಫ್ಲ್ಯಾಶ್ ಚಿಪ್‌ನಲ್ಲಿ ಪುಟವೊಂದಕ್ಕೆ 2048 ಬೈಟ್, ಅಂಥ 64 ಪುಟ ಸೇರಿ ಒಂದು ಬ್ಲಾಕ್. ಬರೆಯುವುದು ಪುಟಪುಟವಾಗಿ, ಆದರೆ ಅಳಿಸುವುದು ಇಡೀ ಬ್ಲಾಕನ್ನೇ! ಒಮ್ಮೆ ಬರೆದ ಪುಟದ ಮೇಲೆ ಹೊಸದಾಗಿ ಬರೆಯಬೇಕಾದರೆ ಮೊದಲು ಆ ಬ್ಲಾಕ್ ಪೂರ್ತಿ ಅಳಿಯಬೇಕು.

ಪ್ರತಿ ಸಲ ಬರೆದು ಅಳಿಸಿದಾಗಲೂ ಆ ನಿರೋಧಕ ಪದರ ಚೂರು ಚೂರೇ ಹಾಳಾಗುತ್ತದೆ. ಕೋಶಕ್ಕೆ ಒಂದೇ ಬಿಟ್ ಇಡುವ ಚಿಪ್ ಸುಮಾರು 1,00,000 ಸಲ ತಾಳುತ್ತದೆ. ಒಂದೇ ಕೋಶದಲ್ಲಿ ಎರಡು ಮೂರು ಬಿಟ್ ತುಂಬುವ ಅಗ್ಗದ ಚಿಪ್‌ಗಳು ಕೆಲವೇ ಸಾವಿರ ಸಲ. ಇನ್ನೊಂದು ವಿಷಯ ಕೇಳಿ: 1024 ಬ್ಲಾಕ್‌ಗಳ ಹೊಸ ಚಿಪ್‌ನಲ್ಲಿ 20ರವರೆಗೆ ಕೆಟ್ಟ ಬ್ಲಾಕ್ ಇರಬಹುದು ಅಂತ ತಯಾರಕರೇ ಮಾಹಿತಿ ಪತ್ರದಲ್ಲಿ ಬರೆದು ಕೊಡುತ್ತಾರೆ. ಇದರಲ್ಲಿ ಮೋಸವೇನಿಲ್ಲ. ಒಂದೂ ದೋಷವಿಲ್ಲದ ಚಿಪ್ ಮಾತ್ರ ಮಾರುತ್ತೇವೆ ಅಂತ ಹೊರಟರೆ ಬೆಲೆ ಗಗನಕ್ಕೇರುತ್ತದೆ.

ಹೀಗಿರುವಾಗ ಡ್ರೈವರ್ ಏನು ಮಾಡುತ್ತದೆ? ಕೆಟ್ಟ ಬ್ಲಾಕ್‌ಗಳ ಪಟ್ಟಿ ಇಟ್ಟುಕೊಂಡು ಅವುಗಳ ತಂಟೆಗೆ ಹೋಗುವುದಿಲ್ಲ. ಪ್ರತಿ ಪುಟದ ಜೊತೆಗೂ ತಪ್ಪು ತಿದ್ದುವ ಸಂಕೇತ ಬರೆದು, ಓದುವಾಗ ಒಂದೆರಡು ಬಿಟ್ ಬದಲಾಗಿದ್ದರೆ ಸರಿಪಡಿಸುತ್ತದೆ. ಬರೆಯುವ ಕೆಲಸವನ್ನು ಎಲ್ಲ ಬ್ಲಾಕ್‌ಗಳಿಗೂ ಸಮನಾಗಿ ಹಂಚುತ್ತದೆ. ಪೆನ್ ಡ್ರೈವ್‌ನಲ್ಲಿ ಈ ಕೆಲಸವನ್ನು ಒಳಗಿರುವ ಪುಟ್ಟ ನಿಯಂತ್ರಕ ಚಿಪ್ ಮಾಡುತ್ತದೆ. ಫ್ಲ್ಯಾಶ್ ಚಿಪ್ ನೇರವಾಗಿ ಜೋಡಿಸಿರುವ ಉಪಕರಣಗಳಲ್ಲಿ ಲಿನಕ್ಸ್‌ನಂಥ ಕಾರ್ಯಾಚರಣ ವ್ಯವಸ್ಥೆಯ ಡ್ರೈವರ್‌ಗಳೇ ಮಾಡಬೇಕು.

ಹಂಚಿ ಬರೆದರೆ ಎಷ್ಟು ಲಾಭ? ನೋಟ್‌ಬುಕ್ ತೆಗೆಯಿರಿ, ಲೆಕ್ಕ ಮಾಡೋಣ. ನೀವು ತಾಪಮಾನ ದಾಖಲಿಸುವ ಪ್ರಾಜೆಕ್ಟ್ ಮಾಡಿದ್ದೀರಿ, ಸೆಕೆಂಡಿಗೊಮ್ಮೆ ಬರೆಯುತ್ತದೆ. ಬ್ಲಾಕ್‌ನ ಆಯಸ್ಸು 3000 ಸಲ ಅನ್ನಿ. ಪ್ರತಿ ಸಲವೂ ಅದೇ ಬ್ಲಾಕನ್ನು ಅಳಿಸಿ ಬರೆದರೆ 3000 ಸೆಕೆಂಡಿಗೆ, ಅಂದರೆ 50 ನಿಮಿಷಕ್ಕೆ ಅದರ ಕಥೆ ಮುಗಿಯಿತು! ಅದೇ ಕೆಲಸವನ್ನು 1000 ಬ್ಲಾಕ್‌ಗಳಿಗೆ ಹಂಚಿದರೆ 30 ಲಕ್ಷ ಸೆಕೆಂಡ್, ಅಂದರೆ ಸುಮಾರು 35 ದಿನ. ಇನ್ನೂ ಜಾಣತನ ಮಾಡಿ, 60 ಅಳತೆಗಳನ್ನು ರ‍್ಯಾಮ್‌ನಲ್ಲಿ ಕೂಡಿಟ್ಟು ನಿಮಿಷಕ್ಕೊಮ್ಮೆ ಬರೆದರೆ ಐದೂವರೆ ವರ್ಷಕ್ಕೂ ಹೆಚ್ಚು. ಇದಕ್ಕೊಂದು ಬೆಲೆಯೂ ಇದೆ: ನಡುವೆ ಕರೆಂಟ್ ಹೋದರೆ ಒಂದು ನಿಮಿಷದವರೆಗಿನ ಅಳತೆ ಹೋಗುತ್ತದೆ. ಯಾವುದು ಬೇಕು, ಯಾವುದನ್ನು ಬಿಡಬಹುದು ಅಂತ ತೀರ್ಮಾನಿಸುವವರು ಪ್ರೋಗ್ರಾಮ್ ಬರೆಯುವ ನೀವೇ.

"ಇಷ್ಟೆಲ್ಲ ಯಾಕೆ ಸಾರ್, ಚಿಪ್ ಅಗ್ಗ, ಹಾಳಾದರೆ ಹೊಸದು ತಂದರಾಯ್ತು" ಅನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. 2021ರಲ್ಲಿ ಅಮೆರಿಕದಲ್ಲಿ ಟೆಸ್ಲಾ ಕಂಪನಿ ಸುಮಾರು 1,35,000 ಕಾರುಗಳನ್ನು ದುರಸ್ತಿಗೆ ವಾಪಸ್ ಕರೆಯಬೇಕಾಯಿತು. ಕಾರಿನ ಪರದೆ ನಡೆಸುವ ಕಂಪ್ಯೂಟರ್‌ನ 8 ಜಿಬಿ ಫ್ಲ್ಯಾಶ್ ಚಿಪ್ ಸವೆದುಹೋಗಿ, ಹಿಂದಿನ ಕ್ಯಾಮೆರಾದ ಚಿತ್ರವೇ ಕಾಣದಂತಾಗುತ್ತಿತ್ತು. ಅಗ್ಗದ ಒಂದು ಚಿಪ್ ಸುರಕ್ಷತೆಯ ಪ್ರಶ್ನೆಯಾಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆ ಮಂಗಳ ಗ್ರಹದಲ್ಲಿದೆ. 2004ರ ಜನವರಿಯಲ್ಲಿ ಅಲ್ಲಿಗಿಳಿದ ನಾಸಾದ ಆಪರ್ಚುನಿಟಿ ರೋವರ್‌ಗೆ ಗೊತ್ತುಮಾಡಿದ್ದ ಅವಧಿ 90 ಮಂಗಳ ದಿನಗಳು. ಹತ್ತು ವರ್ಷ ಕಳೆದ ಮೇಲೆ ಅದರ ಫ್ಲ್ಯಾಶ್ ಮೆಮೊರಿ ಕೈಕೊಡತೊಡಗಿತು. ಏಳು ಭಾಗಗಳಲ್ಲಿ ಒಂದು ಕೆಟ್ಟಿತ್ತು. ಅಲ್ಲಿಗೆ ಹೋಗಿ ಚಿಪ್ ಬದಲಿಸುವವರು ಯಾರು? ಎಂಜಿನಿಯರುಗಳು ಭೂಮಿಯಿಂದಲೇ ಹೊಸ ಸಾಫ್ಟ್‌ವೇರ್ ಕಳಿಸಿ, ಕೆಟ್ಟ ಭಾಗವನ್ನು ಬಿಟ್ಟು ಉಳಿದ ಆರರಲ್ಲಿ ಕೆಲಸ ನಡೆಸಲು ಹೇಳಿದರು. ರೋವರ್ 2018ರ ಜೂನ್‌ವರೆಗೆ ದುಡಿಯಿತು.

ನಮ್ಮ ಶಾಲೆಗಳ ಸ್ಥಿತಿಯೂ ಒಂದು ರೀತಿ ಆ ರೋವರ್‌ನ ಹಾಗೆಯೇ. ಒಮ್ಮೆ ಬಂದ ಕಂಪ್ಯೂಟರ್, ಟ್ಯಾಬ್ ವರ್ಷಗಟ್ಟಲೆ ಬಾಳಬೇಕು. ಹಾಗಾಗಿ ಬಳಸುವವರಾಗಿ ನಾವು ಕೇಳಬೇಕಾದದ್ದೊಂದಿದೆ. ಕಂಪ್ಯೂಟರಿನ ಎಸ್‌ಎಸ್‌ಡಿಗಳು ತಾವೆಷ್ಟು ಸವೆದಿದ್ದೇವೆ ಎಂಬ ಲೆಕ್ಕವನ್ನು ಒಳಗೇ ಇಟ್ಟುಕೊಂಡಿರುತ್ತವೆ, ಆದರೆ ಅದನ್ನು ನೋಡಲು ಹಲವು ಕಂಪ್ಯೂಟರ್‌ಗಳಲ್ಲಿ ಬೇರೆ ತಂತ್ರಾಂಶ ಹುಡುಕಬೇಕು. ಬ್ಯಾಟರಿ ಎಷ್ಟಿದೆ ಅಂತ ಪರದೆಯ ಮೂಲೆಯಲ್ಲಿ ತೋರಿಸುವಾಗ ಮೆಮೊರಿಯ ಆಯಸ್ಸನ್ನೂ ತೋರಿಸಬಹುದಲ್ಲ? ಡ್ರೈವರ್ ಮಿತಿಯನ್ನು ನಿಭಾಯಿಸಲಿ, ಆದರೆ ಬಳಸುವವರಿಂದ ಮುಚ್ಚಿಡಬಾರದು.

ನೀವು ಇವತ್ತಿನಿಂದಲೇ ಮಾಡಬಹುದಾದ ಕೆಲಸ ಎರಡು. ಬರೆಯುವುದು ಮುಗಿಯುವ ಮುನ್ನ ಪೆನ್ ಡ್ರೈವ್ ಕೀಳಬೇಡಿ, ಕಂಪ್ಯೂಟರ್‌ಗೆ ಹೇಳಿಯೇ ತೆಗೆಯಿರಿ. ಮುಖ್ಯವಾದದ್ದರ ಇನ್ನೊಂದು ಪ್ರತಿ ಬೇರೆ ಕಡೆ ಇಡಿ. ಮುಂದೆ ಪ್ರೋಗ್ರಾಮ್ ಬರೆಯುವಾಗ, "ಇದು ನಡೆಯುತ್ತದೆಯೇ?" ಅಂತ ಕೇಳಿ ಸುಮ್ಮನಾಗಬೇಡಿ. "ಇದನ್ನು ನಡೆಸುವ ಯಂತ್ರ ಎಷ್ಟು ದಿನ ತಾಳುತ್ತದೆ?" ಅಂತಲೂ ಕೇಳಿ.