ಗ್ರಿಲ್ಲಿಗೆ ಅರಿಶಿನ ಕುಂಕುಮ

ಸ್ಯಾನ್ ಡಿಯೇಗೋದಿಂದ ಲಾಸ್ ಏಂಜಲಿಸ್‌ಗೆ ರಾಜ್ಯೋತ್ಸವಕ್ಕೆ ಹೊರಡುವ ಮುನ್ನ ನನ್ನ ಪಿಕಪ್ ಟ್ರಕ್ಕಿನ ಗ್ರಿಲ್ಲಿಗೆ ಹಳದಿ-ಕೆಂಪು ಪಟ್ಟಿ ಬಳಿದೆ. ಮಿತ್ರರೊಬ್ಬರು ಇದನ್ನು ಆಡಂಬರವೆಂದರು. ನಾನು ಒಪ್ಪಲಾರೆ. ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ ಬಾವುಟದ ಬಣ್ಣಗಳಿವು. 120 ಮೈಲಿ ದಾರಿಯಲ್ಲಿ ಒಬ್ಬ ಕನ್ನಡಿಗರು ಗುರುತಿಸಿ ಕೈಬೀಸಿದರೂ ಸಾರ್ಥಕ.

ಆದರೆ ರಸಾಯನಶಾಸ್ತ್ರ ಓದಿದವನ ಒಂದೆರಡು ಮಾತು. ನುಣುಪಾದ ಕ್ರೋಮಿಗೆ ಬಣ್ಣ ಸರಿಯಾಗಿ ಅಂಟದು. ಜಿಡ್ಡು ತೆಗೆದು, ಉಪ್ಪುಕಾಗದದಿಂದ ಉಜ್ಜಿ, ಪ್ರೈಮರ್ ಹಚ್ಚಿಯೇ ಬಳಿಯಬೇಕು. ಹೊಳೆಯುವ ಕೆಂಪು ರಿಫ್ಲೆಕ್ಟರ್ ಪಟ್ಟಿ ಬೇಡ. ಕ್ಯಾಲಿಫೋರ್ನಿಯದ ಕಾನೂನಿನಂತೆ ವಾಹನದ ಮುಂದಿನ ರಿಫ್ಲೆಕ್ಟರುಗಳು ಬಿಳಿ ಅಥವಾ ಹಳದಿ ಇರಬೇಕು.

ಉಜ್ಜುವಾಗ ಮಕ್ಕಳನ್ನೂ ಕೂರಿಸಿಕೊಳ್ಳಿ. ನನ್ನ ಮಗಳು ಅಂದು ‘ಅರಿಶಿನ’, ‘ಕುಂಕುಮ’ ಎಂಬ ಮಾತುಗಳನ್ನು ಕಲಿತಳು. ಇಲ್ಲಿಯ ಬಿಸಿಲಿಗೆ ಬಣ್ಣ ಮಾಸೀತು. ಆ ಮಾತುಗಳು ಮಾಸದಿರಲಿ.