ಫಾಂಟಿಗಾಗಿ ಇಷ್ಟೊಂದು ಜಗಳವೇ ಎನ್ನುವವರಿಗೆ

ಗ್ನೋಮ್, ಕೆಡಿಇ, ಡೆಬಿಯನ್‌ನಂಥ ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಸಂಬಳಕ್ಕೆ ದುಡಿಯುವವರ ಜೊತೆಗೆ ಪುಕ್ಕಟೆ ದುಡಿಯುವವರೂ ಬಹಳ. ಪರದೆಯ ಮೇಲೆ ಯಾವ ಫಾಂಟ್ ಇರಬೇಕು, ಅದು ಎಷ್ಟು ದಪ್ಪವಿರಬೇಕು, ಸಾಲಿಗೂ ಸಾಲಿಗೂ ಎಷ್ಟು ಅಂತರ ಬೇಕು, ಕಿಟಕಿ ಮುಚ್ಚುವ ಗುಂಡಿ ಎಡಕ್ಕೋ ಬಲಕ್ಕೋ ಎಂದು ಈ ಸ್ವಯಂಸೇವಕರು ತಿಂಗಳುಗಟ್ಟಲೆ ವಾದ ಮಾಡುತ್ತಾರೆ. 2025ರ ಮಾರ್ಚಿನಲ್ಲಿ ಗ್ನೋಮ್ 48 ಹೊರಬಂತು. 2011ರಿಂದ ಪರದೆಯ ಮೇಲಿದ್ದ ಕ್ಯಾಂಟರೆಲ್ ಫಾಂಟ್ ಕೆಳಗಿಳಿಯಿತು. ಇಂಟರ್ ಎಂಬ ಫಾಂಟನ್ನು ತಿದ್ದಿ ಮಾಡಿದ ಅದ್ವೈತ ಸ್ಯಾನ್ಸ್ ಆ ಜಾಗಕ್ಕೆ ಬಂತು. ಇಂಥ ಪ್ರತಿ ಬದಲಾವಣೆಯ ಬೆನ್ನಿಗೂ ಒಂದು ಗೊಣಗಾಟ ಕೇಳಿಸುತ್ತದೆ: ಇವರಿಗೆ ಬೇರೆ ಕೆಲಸವಿಲ್ಲವೇ?

ಗೊಣಗುವವರಲ್ಲಿ ಬುದ್ಧಿವಂತರಿದ್ದಾರೆ, ನನ್ನ ಸ್ನೇಹಿತರೂ ಇದ್ದಾರೆ. ಹಾಗಾಗಿ ಅವರ ಆಕ್ಷೇಪಗಳನ್ನು ಒಟ್ಟಿಗೆ ತಳ್ಳಿಹಾಕದೆ ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ಡೆಸ್ಕ್‌ಟಾಪನ್ನು ಕನ್ನಡದಲ್ಲೇ ಇಟ್ಟುಕೊಂಡು ಕೆಲಸ ಮಾಡುವವರ ಕಡೆಯಿಂದ ಈ ಉತ್ತರ.

ಮೊದಲನೆಯದು: ‘ಫಾಂಟ್ ಅವರವರ ರುಚಿ. ರುಚಿಗೆ ವಾದವೇನು?’

ಅರ್ಧ ಒಪ್ಪುತ್ತೇನೆ. ಇಂಟರ್ ಚೆಂದವೋ ಕ್ಯಾಂಟರೆಲ್ ಚೆಂದವೋ ಎಂಬುದಕ್ಕೆ ತೀರ್ಪು ಕೊಡುವ ನ್ಯಾಯಾಲಯವಿಲ್ಲ. ಆದರೆ ಓದಲು ಬರುತ್ತದೋ ಇಲ್ಲವೋ ಎಂಬುದು ರುಚಿಯ ಪ್ರಶ್ನೆಯಲ್ಲ, ಪರೀಕ್ಷೆ ಮಾಡಿ ಹೇಳಬಹುದಾದ ಸಂಗತಿ. ಇಂಗ್ಲಿಷಿನ ದೊಡ್ಡ ಐ ಮತ್ತು ಸಣ್ಣ ಎಲ್ ಎರಡೂ ಒಂದೇ ಕಡ್ಡಿಯಂತೆ ಕಾಣುವ ಫಾಂಟಿನಲ್ಲಿ ಪಾಸ್‌ವರ್ಡ್ ನೋಡಿ ಬರೆದುಕೊಂಡವರಿಗೆ ಇದರ ಬಿಸಿ ಗೊತ್ತು.

ಕನ್ನಡದಲ್ಲಿ ಅಪಾಯ ಇನ್ನೂ ಹೆಚ್ಚು. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ಇವುಗಳ ನಡುವೆ ಇರುವುದು ಒಂದು ಕಿರುಗೆರೆಯಷ್ಟೇ, ಶಾಲೆಯಲ್ಲಿ ‘ಹೊಟ್ಟೆ ಸೀಳುವುದು’ ಎಂದು ಹೇಳಿಕೊಡುತ್ತಿದ್ದ ಗೆರೆ. ಸಣ್ಣ ಗಾತ್ರದಲ್ಲಿ ಆ ಗೆರೆ ಒಂದು ಪಿಕ್ಸೆಲ್‌ಗಿಂತ ತೆಳುವಾದರೆ ಧನವೂ ದನವೂ ಒಂದೇ. ಇನ್ನು ದಪ್ಪ ಅಕ್ಷರ. ಬಹುಕಾಲ ಅನೇಕ ಲಿನಕ್ಸ್ ಗಣಕಗಳಲ್ಲಿ ಕನ್ನಡಕ್ಕೆ ಸಿಗುತ್ತಿದ್ದದ್ದು ಲೋಹಿತ್ ಕನ್ನಡ. ಅದರಲ್ಲಿರುವುದು ಒಂದೇ ದಪ್ಪ. ಶೀರ್ಷಿಕೆಗೆ ದಪ್ಪ ಅಕ್ಷರ ಬೇಕೆಂದಾಗ ಗಣಕ ತಾನೇ ಗೆರೆಗಳನ್ನು ಉಬ್ಬಿಸಿ ಹುಸಿ ದಪ್ಪವನ್ನು ತಯಾರಿಸುತ್ತದೆ. ದುಂಡು ಅಕ್ಷರಗಳ ಒಳಗಿನ ಖಾಲಿ ಜಾಗ ಆಗ ಮುಚ್ಚಿಹೋಗುತ್ತದೆ, ಮಹಾಪ್ರಾಣದ ಸೀಳೂ ಅದರೊಂದಿಗೇ ಹೋಗುತ್ತದೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ. ಲಕ್ಷಾಂತರ ಜನ ನೋಡುವ ಪರದೆಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಎರಡನೆಯದು: ‘ಕಷ್ಟದ ವಿಷಯ ಬಿಟ್ಟು ಸುಲಭದ ವಿಷಯಕ್ಕೆ ಎಲ್ಲರೂ ಬಾಯಿ ಹಾಕುತ್ತಾರೆ.’

ಈ ಆಕ್ಷೇಪಕ್ಕೆ ದೊಡ್ಡ ಮನೆತನವಿದೆ. ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1957ರ ತಮ್ಮ ಪುಸ್ತಕದಲ್ಲಿ ಒಂದು ಸಮಿತಿಯ ಕಥೆ ಹೇಳಿದರು. ಅಣುಸ್ಥಾವರಕ್ಕೆ ಆ ಸಮಿತಿ ನಿಮಿಷಗಳಲ್ಲಿ ಒಪ್ಪಿಗೆ ಕೊಡುತ್ತದೆ, ಸೈಕಲ್ ನಿಲ್ಲಿಸುವ ಶೆಡ್ಡಿನ ಮೇಲೆ ಬಹಳ ಹೊತ್ತು ಕಚ್ಚಾಡುತ್ತದೆ. 1999ರಲ್ಲಿ ಫ್ರೀಬಿಎಸ್‌ಡಿ ಯೋಜನೆಯ ಪೌಲ್-ಹೆನ್ನಿಂಗ್ ಕ್ಯಾಂಪ್ ಈ ಕಥೆಯನ್ನು ತಂತ್ರಾಂಶ ಲೋಕಕ್ಕೆ ತಂದರು. ಅಂದಿನಿಂದ ಯಾರಾದರೂ ವಿನ್ಯಾಸದ ಬಗ್ಗೆ ಬಾಯಿ ತೆರೆದರೆ ಸಾಕು, ‘ಸೈಕಲ್ ಶೆಡ್ಡು’ ಎಂದು ಬಾಯಿ ಮುಚ್ಚಿಸುವುದು ರೂಢಿಯಾಯಿತು.

ವಾಲ್‌ಪೇಪರ್ ನೀಲಿಯೋ ಹಸಿರೋ ಎಂಬ ಜಗಳಕ್ಕೆ ಈ ಕಥೆ ಸರಿಯಾಗಿ ಒಪ್ಪುತ್ತದೆ. ಆದರೆ ಫಾಂಟ್ ಸುಲಭದ ವಿಷಯ ಎಂದು ಯಾರು ಹೇಳಿದ್ದು? ನೀವು ಒತ್ತಿದ ಕೀಲಿ ಪರದೆಯ ಮೇಲೆ ಅಕ್ಷರವಾಗಿ ಮೂಡುವ ಮುನ್ನ ಯಾವ ಫಾಂಟ್ ಎಂದು ಫಾಂಟ್‌ಕಾನ್ಫಿಗ್ ಎಂಬ ತಂತ್ರಾಂಶ ಆರಿಸಬೇಕು. ಕ, ವಿರಾಮ, ಷ ಸೇರಿದರೆ ಕ್ಷ ಎಂಬ ಆಕಾರವನ್ನು ಹಾರ್ಫ್‌ಬಜ್ ಕೂಡಿಸಬೇಕು. ಪ್ಯಾಂಗೋ ಸಾಲು ಹಾಕಬೇಕು. ಫ್ರೀಟೈಪ್ ಆ ಗೆರೆಗಳನ್ನು ಚುಕ್ಕಿಗಳಾಗಿ ಇಳಿಸಬೇಕು. ಇದರಲ್ಲಿ ಯಾವುದು ತಪ್ಪಿದರೂ ಬಳಕೆದಾರರು ಹೇಳುವುದು ಒಂದೇ ಮಾತು: ‘ಅಕ್ಷರ ಸರಿಯಿಲ್ಲ.’

ಆ ಮಾತಿನ ಹಿಂದೆ ಕೆಲವೊಮ್ಮೆ ಕಾನೂನೂ ಇರುತ್ತಿತ್ತು. ಸಣ್ಣ ಗಾತ್ರದಲ್ಲಿ ಟ್ರೂಟೈಪ್ ಅಕ್ಷರವನ್ನು ಚುಕ್ಕಿಗಳ ಚೌಕಕ್ಕೆ ಸರಿಯಾಗಿ ಕೂರಿಸುವ ವಿಧಾನದ ಮೇಲೆ ಆ್ಯಪಲ್‌ನ ಪೇಟೆಂಟುಗಳಿದ್ದವು. ಹಾಗಾಗಿ ಫ್ರೀಟೈಪ್ ಆ ಭಾಗವನ್ನು ವರ್ಷಗಟ್ಟಲೆ ನಿಷ್ಕ್ರಿಯವಾಗಿಟ್ಟುಕೊಂಡೇ ಹಂಚಿಕೆಯಾಗುತ್ತಿತ್ತು. 2010ರಲ್ಲಿ ಪೇಟೆಂಟಿನ ಅವಧಿ ಮುಗಿದ ಮೇಲೆಯೇ ಅದು ತಾನಾಗಿ ಚಾಲೂ ಆಗುವಂತಾಯಿತು. ಲಿನಕ್ಸ್‌ನಲ್ಲಿ ಅಕ್ಷರ ಮಂಕು ಎಂದು ಅಷ್ಟು ವರ್ಷ ದೂರುತ್ತಿದ್ದವರನ್ನು ಶೆಡ್ಡಿನ ಬಣ್ಣದವರು ಎಂದು ಅಟ್ಟಿದ್ದರೆ ನಷ್ಟ ಯಾರಿಗೆ? ಈ ಲೆಕ್ಕದಲ್ಲಿ ಫಾಂಟ್ ನಿಲ್ಲುವುದು ಸ್ಥಾವರದ ಕಡೆಗೆ.

ಮೂರನೆಯದು: ‘ವಿನ್ಯಾಸವನ್ನು ಬಲ್ಲವರಿಗೆ ಬಿಡಿ. ಕೈ ಎತ್ತಿಸಿ ಚಿತ್ರ ಬರೆಯಲಾಗದು.’

ಎದುರಾಳಿಗಳ ವಾದಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಇದು. ಕೈ ಎತ್ತಿಸಿ ಅಕ್ಷರ ಕೊರೆಯಲಾಗದು, ನಿಜ. ಕ್ಯಾಂಟರೆಲ್ ಕೂಡ ಹುಟ್ಟಿದ್ದು ಬಹುಮತದಿಂದಲ್ಲ; ಡೇವ್ ಕ್ರಾಸ್‌ಲ್ಯಾಂಡ್ 2009ರಲ್ಲಿ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ಅಕ್ಷರವಿನ್ಯಾಸ ಓದುವಾಗ ಅದನ್ನು ರೂಪಿಸಿದರು.

ಆದರೆ ಚರ್ಚೆ ಬೇರೆ, ಮತದಾನ ಬೇರೆ. ಇವೆರಡನ್ನು ಬೆರೆಸಿದಾಗ ಏನಾಗುತ್ತದೆ ಎಂಬುದಕ್ಕೆ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಸಾಕ್ಷಿ. 2010ರ 10.04 ಆವೃತ್ತಿಯಲ್ಲಿ ಕಿಟಕಿಯ ಗುಂಡಿಗಳು ಇದ್ದಕ್ಕಿದ್ದಂತೆ ಎಡಕ್ಕೆ ಹೋದವು. ಜನ ಸಿಡಿಮಿಡಿಗೊಂಡಾಗ ಉಬುಂಟು ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಇಂಥ ತೀರ್ಮಾನ ಪ್ರಜಾಪ್ರಭುತ್ವದ ಲೆಕ್ಕದಲ್ಲಿ ಆಗುವಂಥದ್ದಲ್ಲ ಎಂಬರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದರು. ಹಕ್ಕು ಅವರದೇ ಇತ್ತು, ಗುಂಡಿ ಎಡದಲ್ಲೇ ಉಳಿಯಿತು. 2017ರ 17.10ರಲ್ಲಿ ಉಬುಂಟು ಗ್ನೋಮ್‌ಗೆ ಮರಳಿದಾಗ ಅವೇ ಗುಂಡಿಗಳು ಬಲಕ್ಕೆ ವಾಪಸಾದವು. ಎಡವೇ ತಪ್ಪಾಗಿತ್ತು ಎಂದು ನಾನು ವಾದಿಸುತ್ತಿಲ್ಲ. ಯಾಕೆ ಎಂದು ಕೇಳಿದವರಿಗೆ ಕಾರಣ ಮೊದಲೇ ಸಿಕ್ಕಿದ್ದರೆ ಅಷ್ಟು ಕಹಿ ಉಳಿಯುತ್ತಿರಲಿಲ್ಲ.

ಇನ್ನೊಂದು ದಾರಿಯೂ ಇದೆ. ಡೆಬಿಯನ್‌ನಲ್ಲಿ ಪ್ರತಿ ಆವೃತ್ತಿಯ ಹಿನ್ನೆಲೆ ಚಿತ್ರ, ಲಾಗಿನ್ ಪರದೆಗಳ ವಿನ್ಯಾಸವನ್ನು ಯಾರು ಬೇಕಾದರೂ ಕಳಿಸಬಹುದು. ಬಂದದ್ದನ್ನೆಲ್ಲ ಜನರ ಮುಂದಿಟ್ಟು ಅಭಿಪ್ರಾಯ ಕೇಳುತ್ತಾರೆ. ಈ ದಾರಿಯಲ್ಲೇ ಜೂಲಿಯೆಟ್ ಟಾಕಾ ಎಂಬ ಕಲಾವಿದೆಯ ವಿನ್ಯಾಸಗಳು 2015ರ ಜೆಸ್ಸಿ, 2017ರ ಸ್ಟ್ರೆಚ್, 2021ರ ಬುಲ್ಸ್‌ಐ, 2023ರ ಬುಕ್‌ವರ್ಮ್ ಆವೃತ್ತಿಗಳಿಗೆ ಆಯ್ಕೆಯಾದವು. ಚಿತ್ರ ಬರೆದದ್ದು ಒಂದೇ ಕೈ, ಆರಿಸಿದ್ದು ಹಲವು ಕಣ್ಣು. ಕೆಡಿಇ ಕೂಡ 2014ರಲ್ಲಿ ತನ್ನ ವಿನ್ಯಾಸ ತಂಡವನ್ನು ಬಾಗಿಲು ತೆರೆದೇ ಕಟ್ಟಿತು. ಇವತ್ತಿಗೂ ಅದರ ಪ್ಲಾಸ್ಮಾ ಡೆಸ್ಕ್‌ಟಾಪಿನ ಮುಖವಾಗಿರುವ ಬ್ರೀಜ್ ಬಂದದ್ದು ಅಲ್ಲಿಂದ. ಬಲ್ಲವರು ರಚಿಸಲಿ, ಬಳಸುವವರು ಪರೀಕ್ಷಿಸಲಿ.

ನಾಲ್ಕನೆಯದು: ‘ಕೋಡ್ ಬರೆದವನದೇ ಕೊನೆಯ ಮಾತು. ಮಾತಾಡುವವರು ಮೊದಲು ಕೋಡ್ ತರಲಿ.’

ಹಾಗಾದರೆ 2001ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಮಾಡಿಸಿದ ಬಳಕೆಯ ಅಧ್ಯಯನ ಗ್ನೋಮ್‌ಗೆ ಯಾಕೆ ಬೇಕಾಯಿತು? ಸಾಮಾನ್ಯ ಬಳಕೆದಾರರನ್ನು ಕೂರಿಸಿ ನೋಡಿದಾಗ ಮೆನುವಿನಲ್ಲಿದ್ದ ಹೆಸರುಗಳೇ ಅವರಿಗೆ ಅರ್ಥವಾಗುತ್ತಿರಲಿಲ್ಲ. ಆ ಹೆಸರಿಟ್ಟವರು ಕೋಡ್ ಬರೆದವರೇ. ಕೀಬೋರ್ಡ್ ಮುಟ್ಟಿದ ಅಪರಿಚಿತರು ತೋರಿಸಿಕೊಟ್ಟ ಆ ತಪ್ಪುಗಳ ಪಾಠ 2002ರ ಗ್ನೋಮ್ 2ಕ್ಕೂ ಅದರ ವಿನ್ಯಾಸ ಸೂತ್ರಗಳಿಗೂ ಇಳಿಯಿತು.

ಇನ್ನು ಫಾಂಟ್ ಕೆಲಸ ಕೋಡ್ ಅಲ್ಲ ಎಂಬುದೇ ಅಜ್ಞಾನ. ನಮ್ಮ ವರ್ಣಮಾಲೆಯ ಅಕ್ಷರಗಳು ಐವತ್ತರ ಆಸುಪಾಸು. ತಲಕಟ್ಟು, ಕೊಂಬು, ಒತ್ತು, ಅರ್ಕಾವತ್ತುಗಳೆಲ್ಲ ಸೇರಿ ಕನ್ನಡ ಫಾಂಟಿನೊಳಗೆ ನೂರಾರು ಆಕಾರಗಳಾಗುತ್ತವೆ. ಯಾವುದರ ಪಕ್ಕ ಯಾವುದು ಬಂದರೆ ಯಾವ ಆಕಾರಕ್ಕೆ ತಿರುಗಬೇಕು ಎಂಬ ನಿಯಮಗಳ ಪಟ್ಟಿಯೂ ಅದರೊಳಗೇ ಇರುತ್ತದೆ. ಬಿಟ್‌ಸ್ಟ್ರೀಮ್ ಕಂಪನಿ 2003ರಲ್ಲಿ ಗ್ನೋಮ್ ಪ್ರತಿಷ್ಠಾನದೊಂದಿಗೆ ಒಪ್ಪಂದ ಮಾಡಿಕೊಂಡು ವೆರಾ ಫಾಂಟನ್ನು ಮುಕ್ತವಾಗಿ ಕೊಟ್ಟಾಗ ಅದರಲ್ಲಿದ್ದವು ಪಶ್ಚಿಮ ಯೂರೋಪಿನ ಭಾಷೆಗಳ ಅಕ್ಷರಗಳು ಮಾತ್ರ. ಬೇರೆ ಹೆಸರಿಟ್ಟರೆ ತಿದ್ದಬಹುದು ಎಂಬ ಪರವಾನಗಿ ಹಿಡಿದು 2004ರಲ್ಲಿ ಸ್ಟೆಪಾನ್ ರೋಹ್ ದೇಜಾವು ಎಂಬ ಫಾಂಟ್ ಯೋಜನೆ ಶುರು ಮಾಡಿದರು. ಸ್ವಯಂಸೇವಕರು ಅದಕ್ಕೆ ಸಿರಿಲಿಕ್, ಗ್ರೀಕ್, ಅರ್ಮೇನಿಯನ್, ಅರಬಿ ಅಕ್ಷರಗಳನ್ನು ಕೂಡಿಸುತ್ತಾ ಹೋದರು. ಕನ್ನಡ ಅದರೊಳಗೆ ಬರಲೇ ಇಲ್ಲ. ಕೊನೆಯ ಮಾತು ಕೋಡಿನವರದೇ ಎಂದು ಹಟ ಹಿಡಿದರೆ, ಅಕ್ಷರ ಬರೆಯುವವರೂ ಅನುವಾದ ಮಾಡುವವರೂ ದೋಷ ಹೇಳುವವರೂ ಬಾಗಿಲಲ್ಲೇ ನಿಲ್ಲುತ್ತಾರೆ.

ಐದನೆಯದು: ‘ಹಿಡಿಸದಿದ್ದರೆ ಬದಲಾಯಿಸಿಕೊಳ್ಳಲಿ. ಸೆಟ್ಟಿಂಗ್ ಇದೆಯಲ್ಲ!’

ಎಲ್ಲಿದೆ? ಗ್ನೋಮ್‌ನ ಮುಖ್ಯ ಸೆಟ್ಟಿಂಗ್ಸ್‌ನಲ್ಲಿ ಫಾಂಟ್ ಬದಲಿಸುವ ಜಾಗ ಹುಡುಕಿದವರಿಗೆ ಗೊತ್ತು, ಅದಕ್ಕೆ ಟ್ವೀಕ್ಸ್ ಎಂಬ ಬೇರೆ ತಂತ್ರಾಂಶ ಬೇಕು. ಶಾಲೆಯ ಲ್ಯಾಬಿನಲ್ಲಿ, ಕಚೇರಿಯಲ್ಲಿ, ಗ್ರಂಥಾಲಯದಲ್ಲಿ ಕೂರುವವರಿಗೆ ಹೊಸ ತಂತ್ರಾಂಶ ಹಾಕಿಕೊಳ್ಳುವ ಅಧಿಕಾರವೂ ಸಾಮಾನ್ಯವಾಗಿ ಇರುವುದಿಲ್ಲ. ಬಹುತೇಕ ಜನ ಗಣಕ ಕೊಟ್ಟದ್ದನ್ನೇ ಕೊನೆಯವರೆಗೆ ನೋಡುತ್ತಾರೆ. ಅಕ್ಷರ ಒಡೆದು ಕಂಡರೆ ಫಾಂಟನ್ನು ದೂರುವುದಿಲ್ಲ. ಕನ್ನಡ ಗಣಕಕ್ಕೆ ಒಗ್ಗುವುದಿಲ್ಲ ಎಂದುಕೊಂಡು ಇಂಗ್ಲಿಷಿಗೆ ತಿರುಗಿಸಿಬಿಡುತ್ತಾರೆ.

ಆಯ್ಕೆಗಳನ್ನು ಹೆಚ್ಚಿಸುವುದೇ ಪರಿಹಾರವೂ ಅಲ್ಲ. ಒಂದೊಂದು ಆಯ್ಕೆಗೂ ಬೆಲೆಯಿದೆ, ಅದನ್ನು ಪರೀಕ್ಷಿಸಬೇಕು, ಸಾಕಬೇಕು ಎಂದು ಗ್ನೋಮ್‌ನ ಹ್ಯಾವೊಕ್ ಪೆನ್ನಿಂಗ್ಟನ್ 2002ರಲ್ಲೇ ವಾದಿಸಿದ್ದರು. ಆ ವಾದವನ್ನು ಒಪ್ಪಿದರೆ ಅದರ ಮುಂದಿನ ಹೆಜ್ಜೆಯನ್ನೂ ಒಪ್ಪಬೇಕು. ಆಯ್ಕೆ ಕಡಿಮೆಯಾದಷ್ಟೂ ಮೊದಲೇ ಇಟ್ಟು ಕೊಡುವುದು ಸರಿಯಾಗಿರಬೇಕು. ಅದನ್ನು ಸರಿ ಮಾಡಲು ಇರುವ ಕಾಲ ಬಿಡುಗಡೆಗೆ ಮುಂಚಿನ ಕಾಲ, ಅಂದರೆ ನಿಮಗೆ ಬೇಡವೆನಿಸುವ ಈ ಚರ್ಚೆಯ ಕಾಲ.

ಆರನೆಯದು: ‘ನೋಟೋ ಬಂದಾಯಿತು. ಕನ್ನಡದ ತಕರಾರು ಮುಗಿಯಿತಲ್ಲ?’

ಗೂಗಲ್‌ನ ನೋಟೋಗೆ ನಾನು ಋಣಿ. ನೋಟೋ ಸ್ಯಾನ್ಸ್ ಕನ್ನಡದಲ್ಲಿ ತೆಳುವಿನಿಂದ ಅತಿ ದಪ್ಪದವರೆಗೆ ನಿಜವಾದ ದಪ್ಪಗಳಿವೆ, ಹುಸಿ ಉಬ್ಬಿನ ಕಾಟವಿಲ್ಲ. ಕೆಡಿಇ ಕಥೆ ಇಲ್ಲಿ ಪಾಠ ಹೇಳುತ್ತದೆ. ಪ್ಲಾಸ್ಮಾ 5ರ ಆರಂಭದಲ್ಲಿ ಇಟ್ಟುಕೊಂಡಿದ್ದ ಆಕ್ಸಿಜನ್ ಫಾಂಟ್ ವರ್ನನ್ ಆಡಮ್ಸ್ ಅವರ ಕೈಕೆಲಸ. 2014ರ ಅಪಘಾತದ ನಂತರ ಅವರು ಚೇತರಿಸಿಕೊಳ್ಳಲಿಲ್ಲ, 2016ರಲ್ಲಿ ತೀರಿಕೊಂಡರು. ಒಬ್ಬರನ್ನೇ ನೆಚ್ಚಿದ ಫಾಂಟನ್ನು ಮುಂದೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಉಳಿಯಿತು. ಕೆಡಿಇ ನೋಟೋಗೆ ಬಂದಾಗ ಎಲ್ಲ ಭಾಷೆಗಳಿಗೂ ಹೊಂದುವ ನೋಟ ಎಂಬುದೂ ಅದರ ಲೆಕ್ಕದಲ್ಲಿತ್ತು. ಅಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಒಂದೇ ಕುಟುಂಬದ ಅಕ್ಷರ ಸಿಗುವ ದಾರಿಯಾಯಿತು.

ಆದರೆ ಗ್ನೋಮ್ 2025ರಲ್ಲಿ ಆರಿಸಿದ ಅದ್ವೈತ ಸ್ಯಾನ್ಸ್‌ನಲ್ಲಿ ಲ್ಯಾಟಿನ್, ಗ್ರೀಕ್, ಸಿರಿಲಿಕ್ ಇವೆ, ಕನ್ನಡ ಇಲ್ಲ. ಹೆಸರಿನಲ್ಲಿ ಅದ್ವೈತ, ಕನ್ನಡದ ಪರದೆಯ ಮೇಲೆ ಮಾತ್ರ ದ್ವೈತ. ಇಂಗ್ಲಿಷ್ ಒಂದು ಫಾಂಟಿನಲ್ಲಿ, ಕನ್ನಡ ಆ ಗಣಕದಲ್ಲಿ ಯಾವುದು ಸಿಕ್ಕಿದರೆ ಅದರಲ್ಲಿ. ಲೋಹಿತ್ ಸಿಗಬಹುದು, ಗುಬ್ಬಿ ಅಥವಾ ನವಿಲು ಎಂಬ ಫಾಂಟ್ ಸಿಗಬಹುದು, ನೋಟೋ ಸಿಗಬಹುದು. ಎರಡು ಫಾಂಟುಗಳ ಎತ್ತರ ಬೇರೆಯಾದ್ದರಿಂದ ಒಂದೇ ಪಟ್ಟಿಯ ಸಾಲುಗಳು ಏರುಪೇರಾಗುತ್ತವೆ. ಎತ್ತರವನ್ನು ಪಿಕ್ಸೆಲ್ ಲೆಕ್ಕದಲ್ಲಿ ಕಟ್ಟಿಹಾಕಿದ ಕಡೆ ‘ರಾಷ್ಟ್ರ’ದ ಕೆಳಗಿನ ಒತ್ತುಗಳ ಬುಡ ಕತ್ತರಿಸಿಹೋಗುತ್ತದೆ. ‘ರ‍್ಯಾಂಕ್’ ಎಂದು ಬರೆಯಲು ರಕಾರದ ನಂತರ ಕಣ್ಣಿಗೆ ಕಾಣದ ಒಂದು ಜೋಡಕ ಹಾಕುತ್ತೇವೆ. ಫಾಂಟ್ ಅದಕ್ಕೆ ಮರ್ಯಾದೆ ಕೊಡದಿದ್ದರೆ ರಕಾರ ಅರ್ಕಾವತ್ತಾಗಿ ತಿರುಗಿಬಿಡುತ್ತದೆ. ಇದನ್ನೆಲ್ಲ ನೋಡಿ ಹೇಳಬಲ್ಲ ಕಣ್ಣು ಕನ್ನಡ ಓದುವವರದು ಮಾತ್ರ. ಕ್ಯಾಂಟರೆಲ್‌ಗೂ ಇಂಟರ್‌ಗೂ ನಡುವೆ ಎಷ್ಟು ನುರಿತ ವಿನ್ಯಾಸಕಾರ ಕೂತರೂ ಈ ತಪ್ಪುಗಳು ಅವರ ಕಣ್ಣಿಗೆ ಬೀಳುವುದಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯವರಿಗೂ ಎರಡು ಮಾತು. ಚರ್ಚೆಗೆ ಕೊನೆಯ ದಿನ ಇರಬೇಕು. ‘ನನಗೆ ಹಿಡಿಸಲಿಲ್ಲ’ ಎನ್ನುವವರು ಯಾವ ಗಾತ್ರದಲ್ಲಿ, ಯಾವ ಪರದೆಯಲ್ಲಿ, ಯಾವ ಅಕ್ಷರ ಕೆಟ್ಟಿತು ಎಂದು ತೋರಿಸಬೇಕು. ತೋರಿಸಲಾಗದಿದ್ದರೆ ಅದು ರುಚಿಯೆಂದು ಒಪ್ಪಿ ಸುಮ್ಮನಾಗಬೇಕು. ಹೊಸ ಫಾಂಟ್ ಸೂಚಿಸುವವರು ಲ್ಯಾಟಿನ್ ಮಾದರಿಯ ಪಕ್ಕದಲ್ಲಿ ಕನ್ನಡ, ತಮಿಳು, ಅರಬಿ ಸಾಲುಗಳನ್ನೂ ಇಟ್ಟು ತೋರಿಸಬೇಕು.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಲಿನಕ್ಸ್ ಡೆಸ್ಕ್‌ಟಾಪನ್ನು ಕೆಲವು ದಿನ ಕನ್ನಡಕ್ಕೆ ತಿರುಗಿಸಿ. ಟರ್ಮಿನಲ್‌ನಲ್ಲಿ ಎಫ್‌ಸಿ-ಮ್ಯಾಚ್ ಆಜ್ಞೆ ಕೊಟ್ಟರೆ ಕನ್ನಡಕ್ಕೆ ಯಾವ ಫಾಂಟ್ ಸಿಗುತ್ತಿದೆ ಎಂದು ಒಂದೇ ಸಾಲಿನಲ್ಲಿ ಹೇಳುತ್ತದೆ. ತಪ್ಪು ಕಂಡರೆ ಪರದೆಯ ಚಿತ್ರ ತೆಗೆದು, ಫಾಂಟಿನ ಹೆಸರನ್ನೂ ಆವೃತ್ತಿಯನ್ನೂ ಬರೆದು ಆ ಯೋಜನೆಗೆ ದೂರು ಕೊಡಿ. ಫಾಂಟ್ ಆರಿಸುವ ಚರ್ಚೆ ನಮಗಾಗಿ ಕಾಯುವುದಿಲ್ಲ. ಅದು ನಡೆಯುತ್ತಿರುವಾಗಲೇ ಹೋಗಿ ಕೂರಬೇಕು.